ಕಟ್ಟಡದ ಪುಣ್ಯ

ದಾವಣಗೆರೆ ಸೀಮೆಯಲ್ಲಿ ನಾಲ್ಕು ಕಾಸು ಮಾಡಿಕೊಂಡವರು ಊರಿಗೇನಾದರೂ ಒಳ್ಳೆಯದು ಮಾಡೋಣ ಎಂದು ಹೊರಟರೆ ಮೊದಲು ಹೊಳೆಯುವುದು ಮೂರು: ದೇವಸ್ಥಾನದ ಜೀರ್ಣೋದ್ಧಾರ, ಸಮುದಾಯ ಭವನ, ಅನಾಥಾಶ್ರಮ. ಮೂರೂ ಕಟ್ಟಡಗಳೇ ಆಗಿರುವುದು ಆಕಸ್ಮಿಕವೇನಲ್ಲ. ಕಟ್ಟಡಕ್ಕೆ ಭೂಮಿಪೂಜೆ ಮಾಡಿಸಬಹುದು, ಸ್ವಾಮಿಗಳನ್ನೂ ಶಾಸಕರನ್ನೂ ಒಂದೇ ವೇದಿಕೆಗೆ ಕರೆತರಬಹುದು, ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸಬಹುದು. ಈಚೆಗೆ ಅನಾಥಾಶ್ರಮಕ್ಕೆ ಹೊಸ ಮೆರುಗೂ ಬಂದಿದೆ. ಚಾವಣಿಯ ಮೇಲೆ ಸೋಲಾರ್ ಫಲಕ, ಹಿತ್ತಲಲ್ಲಿ ಮಳೆನೀರಿನ ತೊಟ್ಟಿ, ಕಾಂಪೌಂಡ್ ಗೋಡೆಗೆ ನವಿಲು-ಜಿಂಕೆಯ ಚಿತ್ರ, ಒಳಗೆ ಬಣ್ಣಬಣ್ಣದ ಎರಡಂತಸ್ತಿನ ಮಂಚ. ಮಕ್ಕಳಸ್ನೇಹಿ, ಪರಿಸರಸ್ನೇಹಿ ಎಂಬ ಎರಡು ವಿಶೇಷಣ ಹಚ್ಚಿಬಿಟ್ಟರೆ ಯೋಜನೆ ಸಿದ್ಧ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಇಂಥದ್ದೊಂದು ಸುಸಜ್ಜಿತ ಮನೆ ಬೇಕು ಅಂದರೆ ತಲೆಯಾಡಿಸದವರು ಯಾರೂ ಇಲ್ಲ. ಹಾಗೆ ತಲೆಯಾಡಿಸುವುದು ತಪ್ಪು ಎನ್ನುವುದು ನನ್ನ ವಾದ. ಈ ಕಟ್ಟಡಗಳು ಕೆಟ್ಟದಾಗಿ ಕಟ್ಟಲ್ಪಡುತ್ತಿವೆ ಎಂಬ ದೂರು ನನ್ನದಲ್ಲ. ಎಷ್ಟು ಚೆನ್ನಾಗಿ ಕಟ್ಟಿದರೂ ಅವು ತಪ್ಪು ಸಮಸ್ಯೆಗೆ ಕೊಟ್ಟ ಉತ್ತರ.

ಯಾವ ಮಕ್ಕಳ ಮಾತು ಇದು ಎನ್ನುವುದನ್ನು ಮೊದಲು ನೋಡೋಣ. ತಂದೆತಾಯಿ ಇಬ್ಬರೂ ಇಲ್ಲದ, ಹಿಂದೆಮುಂದೆ ಯಾರೂ ಇಲ್ಲದ ಮಗು ಚಂದಾ ಕೇಳುವ ಕರಪತ್ರಗಳಲ್ಲಿ ಕಾಣುವಷ್ಟು ಊರುಗಳಲ್ಲಿ ಕಾಣುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಂಟು ರಾಜ್ಯಗಳಿಗೆ ಪತ್ರ ಬರೆದು, ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳನ್ನು ಅವರವರ ಕುಟುಂಬಗಳಿಗೆ ಮರಳಿಸಿ ಎಂದಿತು. ದೇಶದಲ್ಲಿ ಇಂಥ ಸಂಸ್ಥೆಗಳಲ್ಲಿದ್ದ 2.56 ಲಕ್ಷ ಮಕ್ಕಳ ಪೈಕಿ 1.84 ಲಕ್ಷ, ಅಂದರೆ ಶೇಕಡ 72ರಷ್ಟು ಮಕ್ಕಳು ಆ ಎಂಟೇ ರಾಜ್ಯಗಳಲ್ಲಿದ್ದರು, ಕರ್ನಾಟಕ ಅವುಗಳಲ್ಲೊಂದು. ಮರಳಿಸಿ ಅನ್ನಬೇಕಾದರೆ ಮರಳುವುದಕ್ಕೆ ಮನೆಯೊಂದು ಇರಲೇಬೇಕಲ್ಲ. ಅಪ್ಪ ತೀರಿಕೊಂಡು ಅಮ್ಮ ಕಾಫಿ ತೋಟದ ಕೂಲಿಗೆ ಗುಳೆ ಹೋದ ತಾಂಡಾದ ಮನೆ, ಅಮ್ಮ ಹೋಗಿ ಅಪ್ಪ ಕುಡಿತಕ್ಕೆ ಬಿದ್ದ ಮನೆ, ಇಬ್ಬರೂ ಹೋಗಿ ಅಜ್ಜಿಯ ಹೆಗಲಿಗೆ ಬಿದ್ದ ಮೊಮ್ಮಕ್ಕಳು: ನಮ್ಮ ಕಡೆ ಅನಾಥ ಎಂದು ಕರೆಸಿಕೊಳ್ಳುವ ಮಗುವಿನ ಹಿಂದೆ ಹೆಚ್ಚಾಗಿ ಇಂಥದೊಂದು ಕುಟುಂಬ ಇರುತ್ತದೆ. ಸೋತುಹೋಗಿರುತ್ತದೆ, ಆದರೆ ಇರುತ್ತದೆ. ಅದರ ಕೈಹಿಡಿಯುವ ಬದಲು ನಾವು ಅದರಿಂದ ಮಗುವನ್ನು ಬಿಡಿಸಿ ತಂದು, ಬಿಡಿಸಿದ ಮೇಲೆ ಅನಾಥ ಎಂದು ಕರೆದು, ಆ ಹೆಸರಿನಲ್ಲಿ ಕಟ್ಟಡ ಎಬ್ಬಿಸುತ್ತೇವೆ. ಕಾನೂನು ಹೇಳುವುದು ಇದರ ವಿರುದ್ಧ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮು ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ತಕ್ಕ ವಿಚಾರಣೆಯ ನಂತರದ ಕಟ್ಟಕಡೆಯ ದಾರಿ ಎಂದು ಸ್ಪಷ್ಟವಾಗಿ ಬರೆದಿದೆ. ಕಟ್ಟಕಡೆಯದನ್ನು ಮೊದಲನೆಯದು ಮಾಡಿಕೊಂಡಿರುವುದು ನಾವು.

ಇಷ್ಟು ಹೇಳಿದೊಡನೆ ಬರುವ ಮೊದಲ ಆಕ್ಷೇಪ ಭಕ್ತಿಯದು. ನಡುಕರ್ನಾಟಕ ಉಚಿತ ಪ್ರಸಾದನಿಲಯಗಳ ನಾಡು. ಸಿದ್ಧಗಂಗೆ, ಸಿರಿಗೆರೆ ಮಠಗಳಿಲ್ಲದೆ ಎಷ್ಟು ತಲೆಮಾರುಗಳ ಹಳ್ಳಿಮಕ್ಕಳು ಅಕ್ಷರ ಕಾಣುತ್ತಿರಲಿಲ್ಲ, ಚನ್ನಗಿರಿಗೆ ತಾಗಿದ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಶುರುಮಾಡಿದ ಸಂಸ್ಥೆಯ ಹೆಸರೇ ಅನಾಥ ಸೇವಾಶ್ರಮ, ಅದನ್ನೂ ಬೇಡ ಅನ್ನುತ್ತೀರಾ ಎಂದು ಕೇಳುತ್ತಾರೆ. ಪರಂಪರೆಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅದನ್ನು ಸರಿಯಾಗಿ ಓದಿಕೊಳ್ಳಬೇಕು. ಪ್ರಸಾದನಿಲಯಕ್ಕೆ ಬಂದ ಹುಡುಗನಿಗೆ ಊರಲ್ಲಿ ಮನೆ ಇತ್ತು. ಹತ್ತಿರದಲ್ಲಿ ಹೈಸ್ಕೂಲು ಇರಲಿಲ್ಲ, ಮನೆಯಲ್ಲಿ ಊಟಕ್ಕೆ ಸಾಲದು, ಅದಕ್ಕೆ ಬಂದ. ಬೇಸಿಗೆ ರಜೆಗೆ ಟ್ರಂಕು ಹೊತ್ತು ಊರಿಗೆ ಹೋದ, ಜಾತ್ರೆ ನೋಡಿದ, ಕಣದಲ್ಲಿ ದುಡಿದ, ಜೂನಿಗೆ ಹುಣಸೆ ತೊಕ್ಕಿನ ಡಬ್ಬಿ ಹಿಡಿದು ಮರಳಿದ. ಆ ವ್ಯವಸ್ಥೆ ಮನೆಯ ಜಾಗದಲ್ಲಿ ನಿಲ್ಲಲಿಲ್ಲ. ಮನೆ ಮತ್ತು ಶಾಲೆಯ ನಡುವಿನ ದೂರವನ್ನು ತುಂಬಿತು. ಇವತ್ತಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಬಿಸಿಎಂ ಹಾಸ್ಟೆಲುಗಳೂ ಮಾಡುತ್ತಿರುವುದು ಅದನ್ನೇ, ಮಾಡಬೇಕಾದದ್ದೂ ಅದೇ. ಆದರೆ ಮನೆಯಿದ್ದವನಿಗಾಗಿ ಮಾಡಿದ ಆ ನಮೂನೆಯನ್ನು ಹಾಗೆಯೇ ಎತ್ತಿ, ರಜೆಗೆ ಹೋಗಲು ಮನೆಯಿಲ್ಲದ ಮಗುವಿಗೆ, ಅದೂ ನಾಲ್ಕೈದು ವರ್ಷದ ಎಳೆಯದಕ್ಕೆ, ಹನ್ನೆರಡು ತಿಂಗಳ ಮನೆಯಾಗಿ ಕೊಟ್ಟೆವು. ತಪ್ಪಿದ್ದು ಅಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಹಾಸ್ಟೆಲು ಖಾಲಿಯಾದಾಗ ಯಾವ ಮಗು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯೊಂದನ್ನು ಕೇಳಿದರೆ ಎರಡರ ಅಂತರ ತಿಳಿಯುತ್ತದೆ.

ಇನ್ನು ಆ ಹನ್ನೆರಡು ತಿಂಗಳ ಮನೆಯ ಒಳಗೆ ಹೋಗೋಣ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು ಐವತ್ತು ಮಕ್ಕಳ ಬಾಲಗೃಹಕ್ಕೆ ಅಳತೆ ಕೊಟ್ಟಿವೆ. ಇಪ್ಪತ್ತೈದು ಮಕ್ಕಳಿಗೆ 1000 ಚದರ ಅಡಿಯ ಮಲಗುವ ಹಾಲ್, ಅಂಥವು ಎರಡು. ಐವತ್ತು ಮಕ್ಕಳಿಗೆ 5 ಸ್ನಾನದ ಕೋಣೆ, 8 ಶೌಚಾಲಯ. ಲೆಕ್ಕ ಹಾಕಿದರೆ ತಲೆಗೆ 40 ಚದರ ಅಡಿ, ಎಂದರೆ ಎಂಟಡಿ ಉದ್ದ ಐದಡಿ ಅಗಲ. ಅದರಲ್ಲೇ ಮಂಚ, ಟ್ರಂಕು, ಓಡಾಟದ ದಾರಿ. ನಿಯಮ ಬರೆದವರನ್ನು ಬೈಯುವಂತಿಲ್ಲ. ಎಷ್ಟೋ ಕಡೆ ಇಷ್ಟೂ ಇರಲಿಲ್ಲವೆಂದೇ ಕನಿಷ್ಠವೊಂದನ್ನು ಬರೆಯಬೇಕಾಯಿತು. ಆದರೆ ಈ ಕನಿಷ್ಠವನ್ನು ಪೂರ್ತಿ ಪಾಲಿಸಿದ ಕಟ್ಟಡದಲ್ಲಿ ಬೆಳಗ್ಗೆ ಏನು ನಡೆಯುತ್ತದೆ ಎಂದು ಯೋಚಿಸಿ. ಐವತ್ತು ಮಕ್ಕಳು ಒಂದೂವರೆ ಗಂಟೆಯಲ್ಲಿ ಐದು ಬಚ್ಚಲಲ್ಲಿ ಮಿಂದು ಮುಗಿಸಬೇಕಾದರೆ ಗಂಟೆ ಬಾರಿಸಬೇಕು, ಸಾಲು ನಿಲ್ಲಿಸಬೇಕು, ಒಬ್ಬೊಬ್ಬರಿಗೆ ಎಂಟೋ ಒಂಬತ್ತೋ ನಿಮಿಷ ಗೊತ್ತು ಮಾಡಬೇಕು. ಉಪ್ಪಿಟ್ಟು ಬೇಡ, ನಿನ್ನೆಯ ರೊಟ್ಟಿ ಇದ್ದರೆ ಕೊಡು ಎಂದು ಹಟ ಮಾಡುವ ಅವಕಾಶ ಇಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಕೈ ಪಾಳಿ ಮುಗಿಸಿ ಹೋಗಿರುತ್ತದೆ. ಮುಂದಿನ ಪಾಳಿಯವರು ರಿಜಿಸ್ಟರು ನೋಡಿ ಮಾತ್ರೆ ಕೊಡುತ್ತಾರೆ. ಅಡುಗೆಮನೆಗೆ ಮಕ್ಕಳಿಗೆ ಪ್ರವೇಶವಿಲ್ಲ. ಇದು ಯಾರ ಕ್ರೌರ್ಯವೂ ಅಲ್ಲ, ಸಂಖ್ಯೆಯ ಗುಣ. ಗೃಹಮಾತೆ ಎಷ್ಟೇ ಒಳ್ಳೆಯವರಾಗಿದ್ದರೂ ಐವತ್ತು ಮಕ್ಕಳ ನಡುವೆ ಅವರು ನಿರ್ವಾಹಕರಾಗಲೇಬೇಕು. ಗೋಡೆಗೆ ನವಿಲು ಬರೆದು ಇದನ್ನು ಸ್ವಾಗತಾರ್ಹ ಮಾಡಲಾಗದು. ಸೋಲಾರ್ ಹಾಕಿದರೆ ಕರೆಂಟಿನ ಬಿಲ್ಲು ಉಳಿಯುತ್ತದೆ, ಸಂತೋಷ. ಗೃಹಮಾತೆ ಎರಡು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಹೋಗುತ್ತಿದ್ದರೆ ಆ ಮನೆಯಲ್ಲಿ ಉಳಿದದ್ದಾದರೂ ಏನು?

ಇದು ಬರಿಯ ಭಾವುಕತೆ ಎನ್ನುವವರಿಗೆ ರೊಮೇನಿಯಾದ ಉದಾಹರಣೆ ಇದೆ. 2000ದಲ್ಲಿ ಬುಕಾರೆಸ್ಟ್ ನಗರದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ವಿಜ್ಞಾನಿಗಳು ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳ ಅಧ್ಯಯನ ಕೈಗೊಂಡರು. ಚೀಟಿ ಎತ್ತಿದ ಹಾಗೆ ಆರಿಸಿ ಅರ್ಧ ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕಳಿಸಿ, ಉಳಿದವರನ್ನು ಎಂದಿನ ವ್ಯವಸ್ಥೆಗೇ ಬಿಟ್ಟು, ವರ್ಷಗಟ್ಟಲೆ ಹೋಲಿಸಿದರು. ಕುಟುಂಬಕ್ಕೆ ಹೋದವರು ಬುದ್ಧಿಮತ್ತೆಯಲ್ಲಿ, ಮಾತಿನಲ್ಲಿ, ಮತ್ತೊಬ್ಬರಿಗೆ ಅಂಟಿಕೊಳ್ಳುವ ಭಾವದಲ್ಲಿ ಸ್ಪಷ್ಟವಾಗಿ ಮುಂದಿದ್ದರು; ಎರಡು ವರ್ಷ ತುಂಬುವ ಮೊದಲೇ ಹೋದವರು ಎಲ್ಲರಿಗಿಂತ ಮುಂದೆ. ರೊಮೇನಿಯಾದ ಆ ಕಾಲದ ಅನಾಥಾಲಯಗಳಿಗೂ ನಮ್ಮವಕ್ಕೂ ಹೋಲಿಕೆ ಸಲ್ಲದು ಎಂಬುದು ನ್ಯಾಯವಾದ ಆಕ್ಷೇಪ. ಅದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ನನ್ನ ಎದುರಾಳಿಗಳು ಅದನ್ನು ಎತ್ತುವುದಿಲ್ಲ, ನಾನೇ ಎತ್ತುತ್ತೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥರಿನ್ ವೆಟನ್ ಮತ್ತು ಸಂಗಡಿಗರು 2009ರಲ್ಲಿ ಭಾರತವೂ ಸೇರಿದಂತೆ ಐದು ಬಡ ದೇಶಗಳಲ್ಲಿ 6ರಿಂದ 12 ವರ್ಷದ ಅನಾಥ ಮಕ್ಕಳನ್ನು ಹೋಲಿಸಿ, ಸಂಸ್ಥೆಗಳಲ್ಲಿದ್ದವರು ಊರಿನಲ್ಲಿ ಬಂಧುಗಳ ಜೊತೆ ಇದ್ದವರಿಗಿಂತ ಹಿಂದೇನೂ ಉಳಿದಿಲ್ಲ ಎಂದು ಕಂಡುಕೊಂಡರು. ಒಪ್ಪೋಣ. ಆದರೆ ಒಂದು ಕಡೆ ದಾನ-ಅನುದಾನ-ನೌಕರರ ಬೆಂಬಲವಿದ್ದ ಸಂಸ್ಥೆ, ಇನ್ನೊಂದು ಕಡೆ ಬಡತನದಲ್ಲಿ ತನ್ನ ಪಾಡಿಗೆ ಬಿಟ್ಟ ಅಜ್ಜಿ. ಈ ಅಸಮ ಪಂದ್ಯದಲ್ಲೂ ಸಂಸ್ಥೆ ಸರಿಸಮಕ್ಕಷ್ಟೇ ಬಂತು. ಸಂಸ್ಥೆಗೆ ಹಾಕುವ ಹಣವನ್ನು ಅಜ್ಜಿಯ ಕೈಗೆ ಹಾಕಿದ್ದರೆ ಫಲ ಏನಾಗುತ್ತಿತ್ತು ಎಂಬುದು ಆ ಅಧ್ಯಯನ ಕೇಳದ ಪ್ರಶ್ನೆ, ನಾವು ಕೇಳಲೇಬೇಕಾದ ಪ್ರಶ್ನೆ.

ಹಣದ ಲೆಕ್ಕಕ್ಕೇ ಬರೋಣ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಬಂಧುಗಳ ಮನೆಯಲ್ಲಿರುವ ಮಗುವಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಸಿಗಬಹುದು, ವರ್ಷಕ್ಕೆ 48,000. ಈಗ ಎಂಟು ಸಾವಿರ ಚದರ ಅಡಿಯ ಕಟ್ಟಡವೊಂದಕ್ಕೆ ಚದರ ಅಡಿಗೆ ಎರಡು ಸಾವಿರ ಎಂದಿಟ್ಟುಕೊಂಡರೂ 1 ಕೋಟಿ 60 ಲಕ್ಷ. ಅಡಕೆ ಬೆಳೆಯುವ ಚನ್ನಗಿರಿಯಲ್ಲಿ ರಸ್ತೆ ಬದಿಯ ನೆಲದ ಬೆಲೆಯನ್ನು ನಾನು ಸೇರಿಸಿಯೇ ಇಲ್ಲ. ಅದೇ ಹಣದಲ್ಲಿ ಐವತ್ತು ಮಕ್ಕಳಿಗೆ ಆರು ವರ್ಷಕ್ಕೂ ಮೀರಿ ತಿಂಗಳು ತಿಂಗಳು ನಾಲ್ಕು ಸಾವಿರ ಕೊಡಬಹುದು. ಕಟ್ಟಡದಲ್ಲಾದರೆ ಆ ಹಣ ಮುಗಿದಾಗ ಒಂದು ಮಗುವಿಗೂ ಇನ್ನೂ ಊಟ ಬಡಿಸಿರುವುದಿಲ್ಲ. ಮರುವರ್ಷದಿಂದ ಅಕ್ಕಿ, ಬೇಳೆ, ಸಂಬಳ, ಸುಣ್ಣಬಣ್ಣ ಎಲ್ಲಕ್ಕೂ ಮತ್ತೆ ಚಂದಾ. ಸುಸ್ಥಿರ ಎಂಬ ಪದವನ್ನು ಬಳಸುವವರು ಈ ಸರಳ ಗಣಿತಕ್ಕೆ ಉತ್ತರಿಸಬೇಕು.

ಸರ್ಕಾರಕ್ಕೆ ಈ ಗಣಿತ ಗೊತ್ತಿಲ್ಲದೆ ಇಲ್ಲ. 2021ರಲ್ಲಿ ಕೋವಿಡ್‌ಗೆ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ಕರ್ನಾಟಕ ಮುಖ್ಯಮಂತ್ರಿ ಬಾಲಸೇವಾ ಯೋಜನೆ ಪ್ರಕಟಿಸಿದಾಗ ಮೊದಲು ಮಾಡಿದ್ದು, ಮಗುವನ್ನು ಸಾಕುವ ಬಂಧುವಿಗೆ ತಿಂಗಳಿಗೆ 3500 ರೂಪಾಯಿ ಕೊಡುವ ಏರ್ಪಾಡು. ಬಂಧುಗಳಿಲ್ಲದವರಿಗೆ ಮಾತ್ರ ಸಂಸ್ಥೆ. ಆಗ ಯಾರೂ ದೊಡ್ಡಪ್ಪ ದುಡ್ಡು ತಿಂದುಬಿಡುತ್ತಾನೆ ಎನ್ನಲಿಲ್ಲ. ಕಾಯಿಲೆ ಕೋವಿಡ್ ಆಗಿದ್ದರೆ ಕುಟುಂಬ, ಕ್ಷಯವೋ ಟ್ರ್ಯಾಕ್ಟರ್ ಅಪಘಾತವೋ ಆಗಿದ್ದರೆ ಅನಾಥಾಶ್ರಮ ಎಂಬ ಭೇದಕ್ಕೆ ಯಾವ ತರ್ಕವಿದೆಯೋ ಕಾಣೆ. ಪ್ರಾಯೋಜಕತ್ವದ ಆದಾಯ ಮಿತಿಯಂತೂ ಇನ್ನೂ ವಿಚಿತ್ರ: ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 72,000. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ಮನೆಯ ಒಬ್ಬರು 195 ದಿನ ದುಡಿದರೆ ಮಿತಿ ದಾಟಿತು. ಬಿಪಿಎಲ್ ಕಾರ್ಡಿಗೆ ರಾಜ್ಯವೇ 1 ಲಕ್ಷ 20 ಸಾವಿರದವರೆಗೆ ಬಡವರು ಎಂದು ಒಪ್ಪುತ್ತದೆ. ಅನಾಥ ಮೊಮ್ಮಗನನ್ನು ಸಾಕುವ ಮನೆ ಮಾತ್ರ ಅದಕ್ಕಿಂತ ಬಡವಾಗಿರಬೇಕು. ಮಳೆ ನಂಬಿ ಮೆಕ್ಕೆಜೋಳ ಹಾಕುವ ಜಗಳೂರಿನ ಸೋದರಮಾವ ಅಕ್ಕನ ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟುಬಂದ ಎಂದು ಆಡಿಕೊಳ್ಳುವ ಮೊದಲು ಈ ಮಿತಿಯ ವಿರುದ್ಧ ಯಾವ ದಾನಿ, ಯಾವ ಸಂಘ ವಿಧಾನಸೌಧಕ್ಕೆ ಒಂದು ಅರ್ಜಿಯನ್ನಾದರೂ ಬರೆದಿದೆ?

ಬಂಧುಗಳು ಮೋಸ ಮಾಡುತ್ತಾರೆ, ಹೊಲ ಹೊಡೆದುಕೊಳ್ಳುತ್ತಾರೆ, ಹುಡುಗಿಯನ್ನು ಹದಿನೈದಕ್ಕೇ ಮದುವೆ ಮಾಡಿ ಸಾಗಹಾಕುತ್ತಾರೆ, ಹುಡುಗನನ್ನು ಕುರಿ ಕಾಯಲು ಕಳಿಸುತ್ತಾರೆ. ಇದು ಎಲ್ಲರೂ ಹೇಳುವ ಮಾತು, ಸುಳ್ಳೂ ಅಲ್ಲ. ಆದರೆ ಇದರಿಂದ ಅನಾಥಾಶ್ರಮ ಬೇಕು ಎಂಬ ತೀರ್ಮಾನ ಹೇಗೆ ಹುಟ್ಟುತ್ತದೆ? ಹೊಲದ ವಿಷಯವನ್ನೇ ನೋಡಿ. ಹೊನ್ನಾಳಿ, ಚನ್ನಗಿರಿಯ ಭದ್ರಾ ನಾಲೆಯ ಬಯಲಲ್ಲಿ ಒಂದೆಕರೆ ಎಂದರೆ ಒಂದು ಬದುಕು. ಅಪ್ಪ ಸತ್ತ ಮೇಲೆ ಪೌತಿ ಖಾತೆ ಮಗುವಿನ ಹೆಸರಿಗೆ ಆಗಬೇಕು, ಪಹಣಿಯಲ್ಲಿ ಆ ಹೆಸರು ಕೂರಬೇಕು. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯ ಪ್ರಕಾರ ಹೆತ್ತ ತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಅಪ್ರಾಪ್ತ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ತಾನೇ ಪೋಷಕ ಎಂದುಕೊಂಡು ಮನೆಯಲ್ಲಿಟ್ಟುಕೊಂಡ ಚಿಕ್ಕಪ್ಪನಿಗಂತೂ ಆ ಆಸ್ತಿಯನ್ನು ಮುಟ್ಟುವ ಅಧಿಕಾರವೇ ಇಲ್ಲ. ಈ ರಕ್ಷಣೆ ಜಾರಿಗೆ ಬರಲು ಬೇಕಾದದ್ದು ನಾಡಕಚೇರಿಗೆ ನಾಲ್ಕು ಸಲ ಅಲೆಯಬಲ್ಲ ಒಬ್ಬ ಕಾರ್ಯಕರ್ತ ಮತ್ತು ಒಬ್ಬ ವಕೀಲ. ಮಗುವನ್ನು ದೂರದ ಸಂಸ್ಥೆಗೆ ಒಯ್ದಾಗ ಆಗುವುದು ಇದರ ತಿರುಗಾಮುರುಗ: ಹೊಲದ ಬದುವಿನ ಮೇಲೆ ವಾರಸುದಾರ ಕಾಣಿಸುವುದೇ ಇಲ್ಲ, ಒತ್ತುವರಿ ಸಲೀಸಾಗುತ್ತದೆ, ಹದಿನೆಂಟಾಗಿ ಬಂದಾಗ ಅವನನ್ನು ಗುರುತಿಸುವವರೂ ಇರುವುದಿಲ್ಲ. ಬಾಲ್ಯವಿವಾಹ, ದುಡಿಮೆಯ ಮಾತೂ ಅಷ್ಟೇ. ಅಂಗನವಾಡಿ, ಆಶಾ ಕಾರ್ಯಕರ್ತೆ, ಶಾಲೆಯ ಹಾಜರಿ, ಗ್ರಾಮ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿ, ವರ್ಷಕ್ಕೊಮ್ಮೆಯ ಮಕ್ಕಳ ಗ್ರಾಮಸಭೆ ಎಂದು ಹಳ್ಳಿಯಲ್ಲಿ ಕಣ್ಣುಗಳು ಬೇಕಾದಷ್ಟಿವೆ. ಅವು ಎಲ್ಲ ಕಡೆ ತೆರೆದಿಲ್ಲ ಎನ್ನಿ, ಒಪ್ಪುತ್ತೇನೆ. ಆದರೆ ಕಾಂಪೌಂಡಿನ ಒಳಗೆ ನೋಡುವ ಕಣ್ಣುಗಳು ಅದಕ್ಕಿಂತ ಕಡಿಮೆ. ಬಿಹಾರದ ಮುಜಫ್ಫರಪುರದ ಬಾಲಿಕಾಗೃಹದಲ್ಲಿ ಹುಡುಗಿಯರ ಮೇಲೆ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಒಳಹೊಕ್ಕು ವರದಿ ಬರೆಯುವವರೆಗೆ ಹೊರಗೆ ಬರಲಿಲ್ಲ, ಆ ಗೃಹಕ್ಕೂ ಸರ್ಕಾರದ ಅನುದಾನ ಹೋಗುತ್ತಲೇ ಇತ್ತು.

ಯಾರೂ ಇಲ್ಲದ ಮಕ್ಕಳು ಇದ್ದೇ ಇರುತ್ತಾರೆ. ಬಂಧುಗಳಿದ್ದೂ ಅವರ ಜೊತೆ ಇಡಲಾಗದ ಮಕ್ಕಳೂ ಇರುತ್ತಾರೆ. ಎಳೆಯ ಮಗುವಾದರೆ ದತ್ತು ತೆಗೆದುಕೊಳ್ಳಲು ಕಾಯುತ್ತಿರುವವರ ಸಾಲು ದೇಶದಲ್ಲಿ ದೊಡ್ಡದಿದೆ, ಅಲ್ಲಿ ತೊಡಕು ಕಾಗದಪತ್ರದ್ದು. ಆರು ದಾಟಿದವರಿಗೆ ಪೋಷಕ ಕುಟುಂಬದ ಅವಕಾಶವಿದೆ. 2024ರ ಮಾದರಿ ಮಾರ್ಗಸೂಚಿ ಒಂಟಿಯಾಗಿರುವ 35ರಿಂದ 60 ವರ್ಷದವರಿಗೂ ಬಾಗಿಲು ತೆರೆದಿದೆ. ಇಷ್ಟೆಲ್ಲ ಆಗಿಯೂ ಉಳಿಯುವವರಿಗೆ ಮನೆ ಕಟ್ಟಲೇಬೇಕು, ಮತ್ತು ಅಲ್ಲಿ ವಿನ್ಯಾಸದ ಮಾತು ನಿಜವಾಗಿ ಶುರುವಾಗುತ್ತದೆ. ಗುಂಪು ಪೋಷಣೆಯ ನಿಯಮದಲ್ಲಿ ಒಂದು ಘಟಕಕ್ಕೆ ಎಂಟೇ ಮಕ್ಕಳ ಮಿತಿಯಿದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಎಂಟು ಮಕ್ಕಳಿಗೆ ಹೊಸ ಕಟ್ಟಡ ಬೇಡ, ಪೇಟೆಯ ಕೇರಿಯೊಳಗೆ ಒಂದು ದೊಡ್ಡ ಬಾಡಿಗೆ ಮನೆ ಸಾಕು. ಹೆದ್ದಾರಿ ಬದಿಯ ಎರಡೆಕರೆ ಬೇಡ. ಅಕ್ಕಪಕ್ಕ ಮನೆಗಳಿರಲಿ, ಸಕ್ಕರೆ ಸಾಲ ಕೇಳಲು ಹೋಗುವಷ್ಟು ಹತ್ತಿರ. ಜಗಳೂರಿನ ಬಿಸಿಲಿಗೆ ತಗಡಿನ ಚಾವಣಿ ಬೇಡವೇ ಬೇಡ, ಮಂಗಳೂರು ಹೆಂಚೋ ಗಾರೆ ಚಾವಣಿಯೋ ಇರಲಿ, ಮುಂದೆ ಜಗಲಿ ಇರಲಿ. ಅಡುಗೆಮನೆಯ ಬಾಗಿಲು ಮಕ್ಕಳಿಗೆ ತೆರೆದಿರಲಿ, ರೊಟ್ಟಿ ತಟ್ಟಲು ಕಲಿಯಲಿ, ಸುಟ್ಟುಕೊಳ್ಳಲಿ. ಪ್ರತಿ ಮಗುವಿಗೂ ತನ್ನದೇ ಬೀಗದ ಪೆಟ್ಟಿಗೆ. ಅಣ್ಣತಂಗಿಯರನ್ನು ಗಂಡು-ಹೆಣ್ಣಿನ ಬೇರೆ ಬೇರೆ ಸಂಸ್ಥೆಗಳಿಗೆ ಹರಿದು ಹಂಚಬಾರದು. ಎಲ್ಲಕ್ಕಿಂತ ಮುಖ್ಯ, ಪಾಳಿ ಬದಲಾಗದ ಒಬ್ಬಿಬ್ಬರು ಹಿರಿಯರು, ಅವರಿಗೆ ಬಿಟ್ಟುಹೋಗಬೇಕೆನಿಸದಷ್ಟು ಸಂಬಳ. ದಾನದ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಾಬತ್ತು ನನಗೆ ತೋಚದು.

ಈ ಮನೆಗಳು ನಾಲ್ಕೂ ತಾಲ್ಲೂಕುಗಳಲ್ಲಿ ಬೇರೆ ಬೇರೆಯಾಗಿರಬೇಕು ಎನ್ನುವುದಕ್ಕೆ ಕಾರಣ ಭೂಪಟದಲ್ಲೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಒಡೆದದ್ದು. ನ್ಯಾಮತಿಯವರಿಗೆ ಇವತ್ತಿಗೂ ಆಸ್ಪತ್ರೆ, ಸಂತೆಪೇಟೆ ಎಂದರೆ ಶಿವಮೊಗ್ಗ ಹತ್ತಿರ. ಆದರೆ ಮಗುವಿನ ಕಾಗದ ಹೋಗಬೇಕಾದದ್ದು ದಾವಣಗೆರೆಯ ಮಕ್ಕಳ ಕಲ್ಯಾಣ ಸಮಿತಿಗೆ. ಜಿಲ್ಲಾ ಕೇಂದ್ರದಲ್ಲಿ ಒಂದೇ ದೊಡ್ಡ ಆಶ್ರಮ ಮಾಡಿದರೆ ಖರ್ಚು ಉಳಿಯುತ್ತದೆ ಎನ್ನುವವರು ಅಜ್ಜಿಯ ಒಂದು ದಿನದ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸು ಪುಕ್ಕಟೆಯಾಗಿರಬಹುದು; ದಿನ ಪುಕ್ಕಟೆಯಲ್ಲ. ನೋಡಲು ಬರುವವರು ತಿಂಗಳಿಗೊಮ್ಮೆಯಿಂದ ಯುಗಾದಿಗೊಮ್ಮೆಗೆ ಇಳಿಯುತ್ತಾರೆ, ಆಮೇಲೆ ರಿಜಿಸ್ಟರಿನಲ್ಲಿ ಸಂಪರ್ಕವಿಲ್ಲ ಎಂದು ಬರೆಯಲಾಗುತ್ತದೆ.

ಹಾಗಾದರೆ ಈಗ ಸಂಸ್ಥೆಗಳಲ್ಲಿರುವ ಮಕ್ಕಳನ್ನೆಲ್ಲ ನಾಳೆಯೇ ಬಸ್ಸು ಹತ್ತಿಸಬೇಕೆ? ಇಲ್ಲ. 2020ರಲ್ಲಿ ಆಯೋಗ ನೂರು ದಿನಗಳ ಗಡುವು ಹಾಕಿ ಮರಳಿಸಿ ಎಂದದ್ದು ಅವಸರದ ಮಾತು. ಮನೆಯಲ್ಲಿ ಏನಿದೆ ಎಂದು ನೋಡದೆ ಮಗುವನ್ನು ವಾಪಸು ಕಳಿಸುವುದು ಮೊದಲು ಕಿತ್ತು ತಂದದ್ದಕ್ಕಿಂತ ಒಳ್ಳೆಯದಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಾಗೆ ಮನೆಗೆ ಮರಳಿದ ಮಕ್ಕಳ ಓದಿಗೆ ತಿಂಗಳಿಗೆ 2000 ರೂಪಾಯಿ ಕೊಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಒಂದೊಂದು ಮಗುವಿನ ಮನೆಗೂ ಹೋಗಿ ನೋಡಿ, ಯಾರ ಜೊತೆ ಇರಬಲ್ಲದು, ಏನು ಬೆಂಬಲ ಬೇಕು ಎಂದು ಬರೆದು, ಬೆಂಬಲ ಶುರುವಾದ ಮೇಲೆ ಕಳಿಸುವ ಕೆಲಸ ವರ್ಷಗಳದ್ದು. ಆ ಅವಧಿಯಲ್ಲಿ ಇರುವ ಸಂಸ್ಥೆಗಳು ಇರಲಿ. ಹೊಸತಕ್ಕೆ ಗುದ್ದಲಿ ಬೀಳುವುದು ನಿಲ್ಲಲಿ, ಮತ್ತು ಮಗು ಮನೆಗೆ ಹೋಗಿ ಖಾಲಿಯಾದ ಮಂಚಕ್ಕೆ ಬೇರೊಂದು ಹಳ್ಳಿಯಿಂದ ಮಗುವನ್ನು ಹುಡುಕಿ ತರುವುದು ನಿಲ್ಲಲಿ. ತಲೆ ಎಣಿಸಿ ಅನುದಾನ ಕೊಡುವ ಪದ್ಧತಿ ಇರುವ ತನಕ ಅದು ತಾನಾಗಿ ನಿಲ್ಲುವುದಿಲ್ಲ. ಎಷ್ಟು ಮಕ್ಕಳನ್ನು ಇಟ್ಟುಕೊಂಡಿರಿ ಎನ್ನುವುದರ ಬದಲು ಎಷ್ಟು ಮಕ್ಕಳನ್ನು ಮನೆಗೆ ಸೇರಿಸಿ ಮೂರು ವರ್ಷ ವಿಚಾರಿಸಿಕೊಂಡಿರಿ ಎಂಬುದರ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹಣ ಬಿಡುಗಡೆ ಮಾಡಲಿ.